ರೌಟರಿನೊಳಗಿನ ಸರದಿ ಸಾಲು

ಮನೆಯ ಇಂಟರ್‌ನೆಟ್ ನಿಧಾನವಾಯಿತೆಂದರೆ ನಮ್ಮಲ್ಲಿ ನಡೆಯುವ ಚಿಕಿತ್ಸೆಗಳು ಎರಡೇ: ರೌಟರನ್ನು ಆರಿಸಿ ಮತ್ತೆ ಹಾಕುವುದು, ಇಲ್ಲವೇ 50 ಎಂಬಿಪಿಎಸ್‌ನ ಪ್ಲಾನ್ ಬಿಟ್ಟು 200ರದನ್ನು ಕೊಳ್ಳುವುದು. ಮೊದಲನೆಯದಕ್ಕೆ ಖರ್ಚಿಲ್ಲ, ಆದ್ದರಿಂದ ಅದರ ಬಗ್ಗೆ ನನ್ನ ತಕರಾರೂ ಇಲ್ಲ. ಎರಡನೆಯದು ಮಾತ್ರ ಹಲವು ಮನೆಗಳಲ್ಲಿ ಹರಕೆ ಹೊತ್ತಷ್ಟೇ ಫಲ ಕೊಡುತ್ತದೆ. ಎಚ್‌ಡಿ ಗುಣಮಟ್ಟದ ಸಿನಿಮಾ ನೋಡಲು 5 ಎಂಬಿಪಿಎಸ್‌ನಷ್ಟು ಸಾಕು. ವಿಡಿಯೊ ಕರೆಗೂ ಅದಕ್ಕಿಂತ ಹೆಚ್ಚೇನೂ ಬೇಕಾಗುವುದಿಲ್ಲ. ಹಾಗಿದ್ದೂ ಮಗಳು ಕಾಲೇಜಿನ ವಿಡಿಯೊವೊಂದನ್ನು ಅಪ್‌ಲೋಡ್ ಮಾಡತೊಡಗಿದ ಕೂಡಲೇ ಅಪ್ಪನ ಆಫೀಸಿನ ಮೀಟಿಂಗ್‌ನಲ್ಲಿ ಚಿತ್ರ ನಿಂತಲ್ಲೇ ನಿಂತು, ಮಾತು ತುಂಡುತುಂಡಾಗುತ್ತದೆ.

ಪ್ಲಾನಿನ ಹೆಸರಿನಲ್ಲಿರುವ ಎಂಬಿಪಿಎಸ್ ಎಂಬುದು ಒಂದು ಸೆಕೆಂಡಿನಲ್ಲಿ ಎಷ್ಟು ದಶಲಕ್ಷ ಬಿಟ್ ದತ್ತಾಂಶ ಹಾದುಹೋಗಬಲ್ಲದು ಎಂಬುದರ ಲೆಕ್ಕವೇ ಹೊರತು, ಒಂದು ಪ್ಯಾಕೆಟ್, ಅಂದರೆ ದತ್ತಾಂಶದ ಒಂದು ಪುಟ್ಟ ಕಟ್ಟು, ಇಲ್ಲಿಂದ ಹೊರಟು ಅಲ್ಲಿಗೆ ಸೇರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದರ ಲೆಕ್ಕವಲ್ಲ. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಮುಂಬೈಗೆ ದಾರಿ ಸಾವಿರ ಕಿಲೋಮೀಟರ್ ಎಂದು ಹಿಡಿದರೂ ಹೋಗಿ ಬರಲು ಅದಕ್ಕೆ 10 ಮಿಲಿಸೆಕೆಂಡ್ ಸಾಕು. ಅಷ್ಟು ದೂರವನ್ನು ಕಣ್ಣುಮಿಟುಕಿಸುವ ಮೊದಲೇ ಕ್ರಮಿಸಬಲ್ಲ ಪ್ಯಾಕೆಟ್, ನಿಮ್ಮ ಹಜಾರದ ರೌಟರಿನೊಳಗೆ ಇಡೀ ಒಂದು ಸೆಕೆಂಡ್ ಕೊಳೆಯಬಹುದು.

ದರ್ಶಿನಿಯ ಕಾಫಿ ಕೌಂಟರನ್ನು ನೆನೆಯಿರಿ. ಅಲ್ಲಿರುವವನು ನಿಮಿಷಕ್ಕೆ ಹತ್ತು ಲೋಟ ಕೊಡಬಲ್ಲ. ಯಾರೋ ಒಬ್ಬರು ಆಫೀಸಿನವರಿಗೆಲ್ಲ ಎಂದು ಅರವತ್ತು ಕಾಫಿಯ ಟೋಕನ್ ಹಿಡಿದು ನಿಂತರೆ, ಒಂದೇ ಲೋಟಕ್ಕಾಗಿ ಹಿಂದೆ ಬಂದ ನೀವು ಆರು ನಿಮಿಷ ಕಾಯಬೇಕು. ಕೌಂಟರಿನವನ ಕೈಯೇನೂ ನಿಧಾನವಾಗಿಲ್ಲ. ಅರವತ್ತು ಕಾಫಿ ಎಂದರೆ ಮಗಳ ಅಪ್‌ಲೋಡ್, ಒಂದು ಲೋಟ ಎಂದರೆ ಅಪ್ಪನ ಮಾತಿನ ಒಂದು ತುಣುಕು. ಹೋಟೆಲಿನ ಮುಂದೆ ಜಾಗವೇ ಇಲ್ಲದಿದ್ದರೆ ಕೆಲವರಾದರೂ ಹಿಂದಿರುಗುತ್ತಿದ್ದರು. ಮಾಲೀಕರು ದೊಡ್ಡ ಶಾಮಿಯಾನ ಹಾಕಿಸಿದ್ದರಿಂದ ಸಾಲು ಬೆಳೆಯುತ್ತಲೇ ಹೋಗುತ್ತದೆ. ಕೆರೆಯ ಲೆಕ್ಕವೂ ಹೀಗೆಯೇ: ತೂಬು ಅಷ್ಟೇ ಇದ್ದು ಕೆರೆಯ ಅಂಗಳ ಮಾತ್ರ ಹಿಗ್ಗಿದರೆ, ಇಂದು ಹರಿದು ಬಂದ ನೀರಿಗೆ ತೂಬಿನ ಸರದಿ ಸಿಗುವುದು ಇನ್ನಷ್ಟು ತಡ. ರೌಟರಿನಲ್ಲಿ ಆ ಶಾಮಿಯಾನಕ್ಕೆ, ಆ ಅಂಗಳಕ್ಕೆ, ಅಂದರೆ ಪ್ಯಾಕೆಟ್‌ಗಳು ಸರದಿ ಕಾಯುವ ಮೆಮೊರಿಗೆ ಬಫರ್ ಎಂದು ಹೆಸರು. ಅಪ್‌ಲೋಡ್ 10 ಎಂಬಿಪಿಎಸ್ ಇರುವ ಸಂಪರ್ಕದಲ್ಲಿ 1 ಮೆಗಾಬೈಟ್, ಅಂದರೆ 80 ಲಕ್ಷ ಬಿಟ್ ಬಫರಿನಲ್ಲಿ ತುಂಬಿಕೊಂಡರೆ, ಕೊನೆಯಲ್ಲಿ ನಿಂತ ಪ್ಯಾಕೆಟ್ 800 ಮಿಲಿಸೆಕೆಂಡ್ ಕಾಯಬೇಕು. ದೂರವಾಣಿ ಸಂಭಾಷಣೆ ಸಹಜವಾಗಿರಬೇಕಾದರೆ ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡ್ ಮೀರಬಾರದು ಎಂಬುದು ಅಂತರರಾಷ್ಟ್ರೀಯ ಶಿಫಾರಸು.

ಈ ಕಥೆಯ ಬೇರು 1986ರ ಅಕ್ಟೋಬರಿನಲ್ಲಿದೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಅಂತರ ನಾನೂರು ಗಜ. ಅವುಗಳ ನಡುವಿನ ದತ್ತಾಂಶದ ಹರಿವು ಸೆಕೆಂಡಿಗೆ 32 ಸಾವಿರ ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ಚೀಟಿಯಲ್ಲಿ ಬರೆದು ನಡೆದುಕೊಂಡು ಹೋಗಿ ಕೊಟ್ಟಿದ್ದರೂ ಬೇಗ ತಲುಪುತ್ತಿತ್ತೇನೋ. ಆ ಎರಡು ಸಂಸ್ಥೆಗಳ ತಜ್ಞರಾದ ವ್ಯಾನ್ ಜೇಕಬ್‌ಸನ್ ಮತ್ತು ಮೈಕೆಲ್ ಕ್ಯಾರೆಲ್ಸ್ ಕಂಡುಕೊಂಡ ಪರಿಹಾರ ಇಂದಿಗೂ ಇಂಟರ್‌ನೆಟ್ಟಿನ ಬೆನ್ನೆಲುಬು: ಕಳುಹಿಸುವ ಕಂಪ್ಯೂಟರ್ ತನ್ನ ವೇಗವನ್ನು ಮೆಲ್ಲನೆ ಏರಿಸುತ್ತ ಹೋಗಬೇಕು, ಎಲ್ಲಾದರೂ ಪ್ಯಾಕೆಟ್ ಕಳೆದುಹೋದರೆ ದಾರಿಯಲ್ಲಿ ದಟ್ಟಣೆಯಿದೆ ಎಂದು ತಿಳಿದು ತಕ್ಷಣ ತಗ್ಗಿಸಬೇಕು. ಅಂದರೆ ಪ್ಯಾಕೆಟ್ ಬಿದ್ದುಹೋಗುವುದು ದೋಷವಲ್ಲ, ಎಚ್ಚರಿಕೆ. ಆಮೇಲೆ ಮೆಮೊರಿ ಚಿಪ್ ಅಗ್ಗವಾಯಿತು, ತಯಾರಕರು ಒಂದೂ ಪ್ಯಾಕೆಟ್ ಬೀಳಬಾರದೆಂದು ಬಫರುಗಳನ್ನು ಹಿಗ್ಗಿಸಿದರು, ಎಚ್ಚರಿಕೆಯ ಗಂಟೆಯ ಬಾಯಿಗೆ ಬಟ್ಟೆ ತುರುಕಿದಂತಾಯಿತು. 2010ರಲ್ಲಿ ಜಿಮ್ ಗೆಟಿಸ್ ಎಂಬ ಎಂಜಿನಿಯರ್ ತಮ್ಮ ಮನೆಯಿಂದ ಕಡತಗಳನ್ನು ಕಳುಹಿಸುತ್ತಿದ್ದಾಗ ವಿಳಂಬ ಒಂದು ಸೆಕೆಂಡ್ ದಾಟಿದ್ದನ್ನು ಗಮನಿಸಿ, ಈ ರೋಗಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಅವರೂ ಅದೇ ಜೇಕಬ್‌ಸನ್ ಅವರೂ ಕೋಡೆಲ್ ಎಂಬ ಮದ್ದನ್ನು ಮುಂದಿಟ್ಟರು. ಸಾಲು ಎಷ್ಟು ಉದ್ದವಿದೆ ಎಂದು ಅದು ನೋಡುವುದಿಲ್ಲ, ಪ್ರತಿಯೊಂದು ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆ ಎಂದು ನೋಡುತ್ತದೆ. ಕಾಯುವಿಕೆ 5 ಮಿಲಿಸೆಕೆಂಡಿಗಿಂತ ಮೇಲೆಯೇ ಉಳಿದರೆ ಬೇಕೆಂದೇ ಪ್ಯಾಕೆಟ್ ಬೀಳಿಸಿ ಎಚ್ಚರಿಸುತ್ತದೆ.

ಪರೀಕ್ಷೆ ಸುಲಭ. ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ರೌಟರಿಗೆ ಜೋಡಿಸಿ, ಬೇರಾರೂ ಬಳಸದಿರುವಾಗ ಒಮ್ಮೆ ಪಿಂಗ್, ಅಂದರೆ ಪ್ಯಾಕೆಟ್ ಹೋಗಿ ಬರಲು ಹಿಡಿಯುವ ಹೊತ್ತು, ನೋಡಿ, ದೊಡ್ಡ ಕಡತವೊಂದನ್ನು ಅಪ್‌ಲೋಡ್ ಮಾಡುತ್ತ ಇನ್ನೊಮ್ಮೆ ನೋಡಿ. 15 ಮಿಲಿಸೆಕೆಂಡ್ ಇದ್ದದ್ದು 400 ಆದರೆ ರೋಗ ಇದೇ. ಆಗ ಎಸ್‌ಕ್ಯೂಎಂ, ಅಂದರೆ ಕೋಡೆಲ್‌ನಂಥ ಮದ್ದಿನಿಂದ ಸಾಲನ್ನು ನಿಭಾಯಿಸುವ ಸೌಲಭ್ಯವಿರುವ ರೌಟರ್ ತಂದು, ಅದರಲ್ಲಿ ವೇಗದ ಮಿತಿಯನ್ನು ನಿಜವಾಗಿ ಸಿಗುವುದರ ಶೇಕಡ 90ರ ಆಸುಪಾಸಿಗೆ ಇಳಿಸಬೇಕು. ವೇಗ ಇಳಿಸಿ ಚುರುಕು ಪಡೆಯುವುದು ವಿಚಿತ್ರವೆನಿಸಬಹುದು, ಆದರೆ ಹಾಗೆ ಮಾಡಿದಾಗಲೇ ಸಾಲು ಬೇರೆಲ್ಲೋ ಅಲ್ಲ, ಈ ರೌಟರಿನಲ್ಲೇ, ಕೋಡೆಲ್‌ನ ಕಣ್ಣೆದುರು ನಿಲ್ಲುತ್ತದೆ. ಕೇಬಲ್ಲಿನಲ್ಲಿ ಎಲ್ಲವೂ ಚೆನ್ನಾಗಿದ್ದು ವೈಫೈನಲ್ಲಿ ಮಾತ್ರ ತೊಂದರೆಯಿದ್ದರೆ, ಅಕ್ಕಪಕ್ಕದ ಮನೆಗಳೆಲ್ಲ ಮುತ್ತಿಕೊಂಡಿರುವ 2.4 ಗಿಗಾಹರ್ಟ್ಸ್ ತರಂಗಪಟ್ಟಿ ಬಿಟ್ಟು 5 ಗಿಗಾಹರ್ಟ್ಸ್‌ನದಕ್ಕೆ ಹೋಗಬೇಕು. 200ರ ಪ್ಲಾನಿದ್ದೂ ಕೇಬಲ್ಲಿನಲ್ಲಿ 94ರ ಆಸುಪಾಸಿನಲ್ಲೇ ನಿಂತರೆ ರೌಟರಿನ ಪೋರ್ಟ್ 100ರದ್ದಾಗಿರುತ್ತದೆ, ಇಲ್ಲವೇ ಕೇಬಲ್ಲಿನ ಎಂಟು ತಂತಿಗಳಲ್ಲಿ ಯಾವುದೋ ತುಂಡಾಗಿರುತ್ತದೆ.

ಹೊಸ ಪ್ಲಾನ್ ಕೊಳ್ಳುವಾಗ ಡೌನ್‌ಲೋಡಿನ ದೊಡ್ಡ ಅಂಕಿಗಿಂತ ಮೊದಲು ಅಪ್‌ಲೋಡ್ ಎಷ್ಟೆಂದೂ, ತಿಂಗಳ ಮಿತಿ ಮುಗಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆಂದೂ ಕೇಳಿರಿ. ಫೈಬರಿನ ಒಂದು ಎಳೆಯ ಸುಮಾರು 2.5 ಗಿಗಾಬಿಟ್ ಸಾಮರ್ಥ್ಯವನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಅದರಾಚೆ ಕಂಪನಿಯ ಹೊರಸಂಪರ್ಕವನ್ನು ಇಡೀ ಬಡಾವಣೆಯೇ ಹಂಚಿಕೊಳ್ಳುತ್ತದೆ. ಬೆಳಿಗ್ಗೆ ಸರಿಯಿದ್ದದ್ದು ರಾತ್ರಿ ಒಂಬತ್ತಕ್ಕೆ ಕೇಬಲ್ಲಿನಲ್ಲೂ ತೆವಳುತ್ತಿದ್ದರೆ ಸಾಲು ನಿಮ್ಮ ಮನೆಯ ಹೊರಗಿದೆ, ಅದೇ ಕಂಪನಿಯ ದುಬಾರಿ ಪ್ಲಾನ್ ಕೊಂಡರೂ ಅದೇ ಸಾಲಿನಲ್ಲೇ ನಿಲ್ಲಬೇಕಾದೀತು. ಕಂಪನಿ ಬದಲಿಸುವುದೇ ಆದರೆ, ಆ ಬೇರೆ ಕಂಪನಿಯ ಸಂಪರ್ಕ ಪಡೆದಿರುವ ನೆರೆಮನೆಗೆ ಲ್ಯಾಪ್‌ಟಾಪ್ ಮತ್ತು ಕೇಬಲ್ ಹಿಡಿದು ಹೋಗಲು ಸರಿಯಾದ ಹೊತ್ತು ರಾತ್ರಿ ಒಂಬತ್ತೇ.