ಬದುವಿನ ಮರ ಬಾಗಿಲಿಗೆ ಯಾಕೆ ಬರಲಿಲ್ಲ?

ಕೋಲಾರದ ಕಡೆ ಮನೆ ಕಟ್ಟುತ್ತಿರುವವರನ್ನು ಬಾಗಿಲುವಾಡಕ್ಕೆ ಯಾವ ಮರ ಅಂತ ಕೇಳಿ ನೋಡಿ. ದುಡ್ಡಿದ್ದವರು ತೇಗ ಅನ್ನುತ್ತಾರೆ, ಮಿಕ್ಕವರು ಮಲೇಷಿಯಾ ಸಾಲ್. ಸುತ್ತ ನೀಲಗಿರಿ, ಸಿಲ್ವರ್ ಓಕ್ ಬೆಳೆದು ನಿಂತಿರುವ ಊರಿಗೆ ಬಾಗಿಲಿನ ಮರ ಹಡಗಿನಲ್ಲಿ ಬರುತ್ತದೆ. ಈಗ ಇದರ ಮೇಲೆ ‘ಸುಸ್ಥಿರ ಮರ’ ಅನ್ನೋ ಮಾತು ಬೇರೆ. ಯಾವುದು ಸುಸ್ಥಿರ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ.

ಹಿಂದೆ ಹೊಲದ ಬೇವು, ಹಲಸೇ ತೊಲೆ, ಜಂತೆ, ಕಂಬ ಆಗುತ್ತಿದ್ದವು. ಮರ ಸಾಲದ ಕಡೆ ಕಲ್ಲು ಚಪ್ಪಡಿ ಹೊದಿಸುತ್ತಿದ್ದರು. ಚಿನ್ನದ ಗಣಿ, ಸೌದೆ, ಹೊಸ ಸಾಗುವಳಿ ಎಲ್ಲ ಸೇರಿ ನೂರು ವರ್ಷದಲ್ಲಿ ಇದ್ದ ಕುರುಚಲು ಕಾಡೂ ತೆಳುವಾಯಿತು.

1976ರಲ್ಲಿ ರಾಜ್ಯದ ಮರ ಸಂರಕ್ಷಣಾ ಕಾಯ್ದೆ ಬಂತು. ಉದ್ದೇಶ ಒಳ್ಳೆಯದೇ. ಆದರೆ ತನ್ನ ಹೊಲದ ತೇಗ ಕಡಿಯಲು ರೈತ ಅರ್ಜಿ ಹಿಡಿದು ಓಡಾಡಬೇಕು, ನೀಲಗಿರಿ, ಸರ್ವೆ, ಸಿಲ್ವರ್ ಓಕ್‌ಗೆ ಆ ತಂಟೆ ಇಲ್ಲ. ಹಾಗಾದರೆ ಯಾವುದನ್ನು ನೆಡುತ್ತಾನೆ, ನೀವೇ ಹೇಳಿ.

ನೀಲಗಿರಿ ನಮಗೆ ಹೊಸದೇನಲ್ಲ, ಟಿಪ್ಪು ಕಾಲದಲ್ಲೇ ನಂದಿ ಬೆಟ್ಟಕ್ಕೆ ಬಂತು ಅನ್ನುತ್ತಾರೆ. ಹೊಲಕ್ಕೆ ಇಳಿದಿದ್ದು ಮಾತ್ರ 1980ರ ದಶಕದಲ್ಲಿ, ಸಾಮಾಜಿಕ ಅರಣ್ಯ ಯೋಜನೆಯ ಜೊತೆ. ಮಳೆ ಕೈಕೊಡುತ್ತಿತ್ತು, ಕಳೆ ಕೀಳಲು ಆಳು ಸಿಗುತ್ತಿರಲಿಲ್ಲ, ಮಕ್ಕಳು ಬೆಂಗಳೂರು ಸೇರಿದ್ದರು, ರಾಗಿ ಹೊಲಕ್ಕೆ ಒಂದು ಸಲ ಸಸಿ ನೆಟ್ಟರೆ ಆಯಿತು, ಏಳೆಂಟು ವರ್ಷಕ್ಕೆ ಕಡಿದರೂ ಬುಡದಿಂದ ಮತ್ತೆ ಚಿಗುರುತ್ತದೆ, ಲಾರಿ ಹೊಲಕ್ಕೇ ಬಂದು ಟನ್ ಲೆಕ್ಕದಲ್ಲಿ ತುಂಬಿಕೊಂಡು ಹೋಗುತ್ತದೆ. ಸೋಮಾರಿ ಬೇಸಾಯ ಅಂತ ಬೈಯುವುದು ಸುಲಭ. ಲೋಡು ಹೋಗುತ್ತಿದ್ದಿದ್ದು ಕಾಗದದ ತಿರುಳಿನ ಕಾರ್ಖಾನೆಗೆ, ಇಲ್ಲವೇ ಸೆಂಟ್ರಿಂಗ್‌ಗೆ. ಬೆಂಗಳೂರಿನ ಎಷ್ಟೋ ಮನೆಗಳಿಗೆ ಮೋಲ್ಡ್ ಹಾಕುವಾಗ ಕೆಳಗೆ ನಿಂತಿದ್ದು ಈ ಕಂಬಗಳೇ. ಕಾಂಕ್ರೀಟ್ ಗಟ್ಟಿಯಾಗುವ ತನಕ ಮಾತ್ರ ಮನೆಯೊಳಗೆ ಜಾಗ.

ಬಾಗಿಲಿಗೆ ಯಾಕಾಗಲಿಲ್ಲ? ಎಳೆ ಮರದಲ್ಲಿ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ, ಕಟ್ಟಿರುವುದಿಲ್ಲ. ಒಳಗೆ ಬಿಗಿ ಜಾಸ್ತಿ, ಸಾಮಿಲ್‌ನಲ್ಲಿ ಸೀಳುತ್ತಿದ್ದಂತೆ ಬಿರಿಯುತ್ತದೆ, ಒಣಗುವಾಗ ತಿರುಚುತ್ತದೆ. ಚೆನ್ನಾಗಿ ಬಲಿತ ಮರವನ್ನು ಕ್ರಮವಾಗಿ ಸೀಳಿ, ನೆರಳಲ್ಲಿ ನಿಧಾನವಾಗಿ ಒಣಗಿಸಿದರೆ ಕೆಲಸಕ್ಕೆ ಬರುತ್ತದೆ. ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆ ಇಂಥ ಮರಗಳ ಮೇಲೆ ಬಹಳ ಕಾಲದಿಂದ ಕೆಲಸ ಮಾಡಿದೆ. ಆದರೆ ಸಾಲ ತೀರಿಸಬೇಕಾದವನು ಇಪ್ಪತ್ತು ವರ್ಷ ಕಾಯುತ್ತಾನಾ?

ಅಷ್ಟರಲ್ಲಿ ಬೋರ್‌ವೆಲ್ ಬತ್ತಿದವು. ಸಿಟ್ಟೆಲ್ಲ ನೀಲಗಿರಿ ಮೇಲೆ ತಿರುಗಿತು, 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ಆ ಸಿಟ್ಟಿಗೆ ಕಾರಣವಿತ್ತು. ಆದರೆ ಸಾವಿರ ಅಡಿ ಕೊರೆದಿದ್ದು ಮರವಲ್ಲ ಅನ್ನೋದೂ ನಿಜ.

ದಿಲ್ಲಿಯಲ್ಲಿ ಇನ್ನೊಂದು ಕತೆ. ಕಾಡು ಉಳಿಯಲಿ ಅಂತ 1993ರಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ಕಟ್ಟಡಗಳಲ್ಲಿ ಮರ ಬಳಸುವುದನ್ನೇ ಬಿಟ್ಟಿತು. 1996ರಲ್ಲಿ ಸುಪ್ರೀಂ ಕೋರ್ಟ್ ಕಾಡು ಕಡಿತಕ್ಕೂ ಕೇಂದ್ರದ ಒಪ್ಪಿಗೆ ಇಲ್ಲದೆ ಕಾಡಲ್ಲಿ ನಡೆಯುತ್ತಿದ್ದ ಸಾಮಿಲ್‌ಗಳಿಗೂ ಬೀಗ ಹಾಕಿತು. ಆಮದು ಮರ ಏರಿತು, ಅಲ್ಯೂಮಿನಿಯಂ ಕಿಟಕಿ ಬಂದವು. ಇಲಾಖೆಯ ನಿಷೇಧ ತೆರವಾಗಿದ್ದು 2020ರಲ್ಲಿ. ಕಾಡು ಹಾಳಾಗದಂತೆ ಬೆಳೆದು ಕಡಿದ ಮರ ಅಂತ ಮುದ್ರೆ ಒತ್ತುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಸ್‌ಸಿ 1993ರಲ್ಲೇ ಹುಟ್ಟಿತು, ನಮ್ಮ ದೇಶದ್ದೇ ಪ್ರಮಾಣಪತ್ರ ಯೋಜನೆ ಬಂದಿದ್ದು 2023ರಲ್ಲಿ. ಬದುವಿನಲ್ಲಿ ನಲವತ್ತು ಮರ ಇರುವವನು ಅದರ ಖರ್ಚು, ಕಾಗದ ಒಬ್ಬನೇ ಹೊರುವುದು ಕಷ್ಟ. ಹತ್ತಾರು ಜನ ಗುಂಪಾದರೆ ಸಾಧ್ಯ.

ಈಗ ಹೊಲಗಳಲ್ಲಿ ಹೆಬ್ಬೇವು ಎದ್ದಿದೆ. ಅದೂ ಎಳೆಯದರಲ್ಲೇ ಪ್ಲೈವುಡ್‌ಗೆ ಹೋಗುತ್ತದೆ. ಇತ್ತ ತೊಟ್ಟಿಮನೆ ಬಿಚ್ಚುವ ಕಡೆಯೆಲ್ಲ ಹಳೇ ತೊಲೆ, ಕಂಬಕ್ಕೆ ಬೆಂಗಳೂರಿನಿಂದ ಗಿರಾಕಿ ಬರುತ್ತಾರೆ, ಮುದ್ರೆ ಎಲ್ಲಿ ಅಂತ ಯಾರೂ ಕೇಳುವುದಿಲ್ಲ.