ಬೋಸ್ನಿಯಾ ಯುದ್ಧದಲ್ಲಿ ಸತ್ತವರೆಷ್ಟು? ಎರಡು ಲಕ್ಷ ಒಂದು ಲಕ್ಷವಾದ ಬಗೆ

1992ರಿಂದ 1995ರವರೆಗಿನ ಬೋಸ್ನಿಯಾ ಯುದ್ಧದಲ್ಲಿ ಎರಡು ಲಕ್ಷ ಜನ ಸತ್ತರೆಂಬ ಮಾತು ಯುದ್ಧ ಮುಗಿಯುವ ಮೊದಲೇ ಹಬ್ಬಿತ್ತು. ಅದು ಹೆಸರು ಹಿಡಿದು ಎಣಿಸಿದ್ದಲ್ಲ. ಸತ್ತವರನ್ನೂ ಕಾಣೆಯಾದವರನ್ನೂ ಕೂಡಿಸಿದ ಅಂದಾಜು.

ಹೇಗ್‌ನ ಯುದ್ಧಾಪರಾಧ ನ್ಯಾಯಮಂಡಳಿಯ ಜನಸಂಖ್ಯಾ ತಜ್ಞರು 1991ರ ಜನಗಣತಿಯನ್ನು ಬುಡವಾಗಿಟ್ಟುಕೊಂಡರು. ರೆಡ್‌ಕ್ರಾಸ್‌ನ ಕಾಣೆಯಾದವರ ಪಟ್ಟಿ, ಸೇನೆಗಳ ದಾಖಲೆ, ಮರಣ ನೋಂದಣಿ ಎಲ್ಲವನ್ನೂ ಅದರೊಂದಿಗೆ ತಾಳೆ ನೋಡಿದರು. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಊರು ಇಷ್ಟೂ ಹೊಂದಬೇಕು. ಕೆಲಸ ಕೆಡುತ್ತಿದ್ದದ್ದು ಇಲ್ಲೇ. ಗಣತಿಯ ನಮೂನೆಗಳನ್ನು ಯಂತ್ರ ಓದಿದಾಗ ಅಕ್ಷರಗಳು ತಪ್ಪಿದ್ದವು. ಒಂದಕ್ಷರ ತಪ್ಪಿದರೂ ಸತ್ತ ಒಬ್ಬನೇ ಇಬ್ಬರಾಗುತ್ತಾನೆ. ಅವನ್ನೆಲ್ಲ ತಿದ್ದಬೇಕಾಯಿತು. ಯುದ್ಧಾನಂತರದ ಮತದಾರರ ಪಟ್ಟಿಯಿಂದ ಬದುಕಿರುವವರು ಯಾರೆಂಬುದೂ ತಿಳಿಯುತ್ತಿತ್ತು.

ಯಾವ ಪಟ್ಟಿಗೂ ಸೇರದವರನ್ನು ಅಂದಾಜಿಸಲು ಒಂದು ಸರಳ ಗಣಿತವಿದೆ. ಒಂದು ಪಟ್ಟಿಯಲ್ಲಿ 600, ಇನ್ನೊಂದರಲ್ಲಿ 500, ಎರಡರಲ್ಲೂ ಇರುವವರು 300 ಎಂದುಕೊಳ್ಳಿ. 600ನ್ನು 500ರಿಂದ ಗುಣಿಸಿ 300ರಿಂದ ಭಾಗಿಸಿದರೆ ಒಟ್ಟು 1,000. ಪಟ್ಟಿಗಳಲ್ಲಿ ಸಿಕ್ಕವರು 800. ಉಳಿದ 200 ಜನ ಎರಡಕ್ಕೂ ಸಿಗದವರು. ಆದರೆ ಪಟ್ಟಿಗಳು ಒಂದಕ್ಕೊಂದು ಸಂಬಂಧವಿಲ್ಲದೆ ತಯಾರಾಗಿರಬೇಕು. ಅದೇ ಕುಟುಂಬಗಳು ಎರಡೂ ಕಡೆ ಹೆಸರು ಬರೆಸಿದ್ದರೆ ಉತ್ತರ ಕಡಿಮೆ ಬರುತ್ತದೆ. ತಾಳೆ ತಪ್ಪಿ ಎರಡೂ ಪಟ್ಟಿಯಲ್ಲಿರುವ ಹೆಸರುಗಳು ಕೈತಪ್ಪಿದರೆ ಉಬ್ಬುತ್ತದೆ.

ನ್ಯಾಯಮಂಡಳಿಯ ತಜ್ಞರ 2005ರ ಅಂದಾಜು 1,02,622. ಅದರಲ್ಲಿ ನಾಗರಿಕರು 55,261. 2010ರಲ್ಲಿ ಒಟ್ಟು 1,04,732ಕ್ಕೆ ಏರಿತು, ನಾಗರಿಕರ ಸಂಖ್ಯೆ ಮಾತ್ರ 42,106ಕ್ಕೆ ಇಳಿಯಿತು. ಬೋಸ್ನಿಯಾದ ರಾಜಧಾನಿ ಸರಾಯೆವೊದಲ್ಲಿ ಮಿರ್ಸಾದ್ ತೊಕಾಚಾ ನೇತೃತ್ವದ ಸಂಸ್ಥೆ ಬೇರೆಯಾಗಿಯೇ ಹೆಸರುಗಳನ್ನು ಕಲೆಹಾಕಿ 2007ರಲ್ಲಿ ಮುಂದಿಟ್ಟ ಸಂಖ್ಯೆ 97,207. ಒಟ್ಟು ಲೆಕ್ಕದಲ್ಲಿ ಇಬ್ಬರೂ ಹತ್ತಿರ ಬಂದದ್ದು ದೊಡ್ಡ ಭರವಸೆ.

ನಾಗರಿಕ, ಸೈನಿಕ ಎಂಬ ವಿಂಗಡಣೆಯನ್ನು ಮಾತ್ರ ಎಚ್ಚರದಿಂದ ಓದಬೇಕು. ಸೇನಾ ದಾಖಲೆಯಲ್ಲಿ ಹೆಸರಿದ್ದರೆ ಸೈನಿಕ, ಅಷ್ಟೇ. ಪಿಂಚಣಿ ಸಿಗಲೆಂದು ಸತ್ತ ಮೇಲೆ ಸೈನಿಕರೆಂದು ಬರೆಸಿದವರೂ ಉಂಟು. 1995ರ ಜುಲೈನಲ್ಲಿ ಪೂರ್ವ ಬೋಸ್ನಿಯಾದ ಸ್ರೆಬ್ರೆನಿತ್ಸಾ ಪಟ್ಟಣದಲ್ಲಿ ಸೆರೆಸಿಕ್ಕು, ಬರಿಗೈಯಲ್ಲಿದ್ದಾಗಲೇ ಗುಂಡಿಗೆ ಬಲಿಯಾದ ಎಷ್ಟೋ ಗಂಡಸರು ಈ ‘ಸೈನಿಕ’ ಸಾಲಿನಲ್ಲೇ ಇದ್ದಾರೆ. ಆ ಸಾಲನ್ನು ‘ಕಾಳಗದಲ್ಲಿ ಮಡಿದವರು’ ಎಂದು ಬರೆಯುವುದು ತಪ್ಪು.