ಕಾಲೇಜು ಬರೆಯುವ ಮುಂಚೆ ನರ್ಸರಿ ನೋಡಿ ಬನ್ನಿ

ಸಿಇಟಿ ರ್‍ಯಾಂಕ್ ಬಂದ ವಾರ ಮುಂಡರಗಿ ಕಡೆಯ ಒಬ್ಬ ರೈತರು ಮಗಳನ್ನು ಕರೆದುಕೊಂಡು ಧಾರವಾಡದ ನಮ್ಮ ಆಫೀಸಿಗೆ ಬಂದಿದ್ದರು. ‘ಅಕಿಗೆ ಗಿಡಾ, ಹಕ್ಕಿ ಅಂದ್ರ ಭಾಳ ಹುಚ್ಚರೀ ಮೇಡಂ. ಯಾವ ಕಾಲೇಜ್ ಬರೀಬೇಕ್ರಿ?’ ಅಂದರು. ನಾನು ಹುಡುಗಿಯ ಕಡೆ ತಿರುಗಿ, ‘ಮುಂದೆ ಏನು ಕೆಲಸ ಮಾಡಬೇಕು ಅಂತಿದ್ದೀಯವ್ವಾ?’ ಎಂದು ಕೇಳಿದೆ. ಇಬ್ಬರೂ ಸುಮ್ಮನಾದರು.

ಗದಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಸಸ್ಯ ಸಮೀಕ್ಷೆ, ಕೆರೆ ಸಮೀಕ್ಷೆ, ಪಂಚಾಯಿತಿಗಳ ಜೀವವೈವಿಧ್ಯ ದಾಖಲಾತಿ ನನ್ನ ಕೆಲಸ. ಪ್ರತಿ ವರ್ಷ ಹೊಸದಾಗಿ ಪದವಿ ಮುಗಿಸಿದ ಹುಡುಗ ಹುಡುಗಿಯರು ಜೊತೆಗೆ ಬರುತ್ತಾರೆ. ಹಾಗಾಗಿ ಯಾವ ಓದು ಎಲ್ಲಿಗೆ ಮುಟ್ಟಿಸುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ.

ಅರಣ್ಯ ಇಲಾಖೆಯ ಕೆಲಸವೇ ಬೇಕು ಅನ್ನುವವರಿಗೆ ನಾಲ್ಕು ವರ್ಷದ ಬಿ.ಎಸ್‌ಸಿ. ಆನರ್ಸ್ ಫಾರೆಸ್ಟ್ರಿ ನೇರ ದಾರಿ. ನಮಗೆ ಹತ್ತಿರದ್ದು ಶಿರಸಿಯ ಅರಣ್ಯ ಕಾಲೇಜು. ಅದು ಮಲೆನಾಡಿನಲ್ಲಿದ್ದರೂ ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೇ ಸೇರಿದ್ದು. ಇನ್ನೊಂದು ಕೊಡಗಿನ ಪೊನ್ನಂಪೇಟೆಯದು, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. ಪಿಯುಸಿಯಲ್ಲಿ ಜೀವಶಾಸ್ತ್ರ ಇರಬೇಕು, ಸೀಟು ಸಿಇಟಿ ಮೂಲಕ. ರೈತರ ಮಕ್ಕಳಿಗೆ ಕೃಷಿಕ ಕೋಟಾ ಇದೆ, ಅದಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಎಷ್ಟೋ ರೈತರಿಗೆ ಈ ಕೋಟಾ ಗೊತ್ತಾಗುವುದೇ ಅರ್ಜಿಯ ದಿನ ಮುಗಿದ ಮೇಲೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಸೀಟು ಸಿಗದಿದ್ದರೆ ಕನಸು ಮುಗಿಯಿತು ಅಂತಲ್ಲ. ಐಎಫ್‌ಎಸ್, ಅಂದರೆ ಭಾರತೀಯ ಅರಣ್ಯ ಸೇವೆಯ ಪರೀಕ್ಷೆ ಬರೆಯಲು ಫಾರೆಸ್ಟ್ರಿಯೇ ಓದಿರಬೇಕಾಗಿಲ್ಲ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತದಂಥ ವಿಷಯಗಳಲ್ಲಿ ಒಂದನ್ನು ಪದವಿಯಲ್ಲಿ ಓದಿದ್ದರೂ ನಡೆಯುತ್ತದೆ. ಕೃಷಿ, ಎಂಜಿನಿಯರಿಂಗ್ ಪದವಿಯೂ ನಡೆಯುತ್ತದೆ. ಆದರೆ ಆ ಪಟ್ಟಿಯಲ್ಲಿ ‘ಪರಿಸರ ವಿಜ್ಞಾನ’ ಇಲ್ಲ! ಹೆಸರು ಚೆನ್ನಾಗಿದೆ ಅಂತ ಬರೀ ಪರಿಸರ ವಿಜ್ಞಾನದ ಪದವಿಗೆ ಸೇರುವವರು ಜೊತೆಗೆ ಯಾವ ವಿಷಯ ಕೊಡುತ್ತಾರೆ ಎಂದು ಮೊದಲೇ ಕೇಳಿಕೊಳ್ಳಬೇಕು.

ಸಂಶೋಧನೆಯ ಕಡೆ ಮನಸ್ಸಿದ್ದರೆ ಧಾರವಾಡದಲ್ಲೋ ಗದಗದಲ್ಲೋ ಒಳ್ಳೆ ಬಿ.ಎಸ್‌ಸಿ. ಮಾಡಿ, ಆಮೇಲೆ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್, ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ, ಇಲ್ಲವೇ ಅಲ್ಲಿನ ಅರಣ್ಯ ಸಂಶೋಧನಾ ಸಂಸ್ಥೆಯ ಎಂ.ಎಸ್‌ಸಿ.ಗೆ ಪರೀಕ್ಷೆ ಬರೆಯಬಹುದು. ಊರಿನ ನೆಲ, ನೀರಿನ ಕೆಲಸ ಇಷ್ಟ ಇದ್ದವರು ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವನ್ನೂ ಒಮ್ಮೆ ನೋಡಿ ಬನ್ನಿ.

ಹೊಸಬರನ್ನು ನಾನು ಮೊದಲು ಕಲಘಟಗಿ ಕಾಡಿಗೆ ಕರೆದುಕೊಂಡು ಹೋಗುತ್ತೇನೆ. ಎಲೆ ಉದುರಿದ ಬೇಸಿಗೆಯಲ್ಲಿ. ಮತ್ತಿ ಮರದ ಎದುರು ನಿಲ್ಲಿಸಿ ‘ಇದು ಯಾವ ಗಿಡ?’ ಎಂದು ಕೇಳುತ್ತೇನೆ. ಮತ್ತಿಯ ತೊಗಟೆ ಮೊಸಳೆ ಚರ್ಮದ ಹಾಗೆ ಚೌಕಚೌಕವಾಗಿ ಒಡೆದಿರುತ್ತದೆ. ಪಕ್ಕದಲ್ಲೇ ಇರುವ ದಿಂಡಿಗ ಮರದ್ದು ನುಣುಪು, ಬೂದಿ ಮೆತ್ತಿದ ಹಾಗೆ ಬಿಳಿಚು. ಒಂದು ಸಲ ಅಂಗೈ ಇಟ್ಟು ಸವರಿದವರು ಜನ್ಮದಲ್ಲಿ ಮರೆಯುವುದಿಲ್ಲ. ಆದರೆ ಶೇಕಡಾ ಎಂಬತ್ತೈದು ಅಂಕ ತೆಗೆದ ಹುಡುಗನೊಬ್ಬ ಎರಡನ್ನೂ ನೋಡುತ್ತಾ ನಿಂತುಬಿಟ್ಟ. ಲ್ಯಾಟಿನ್ ಹೆಸರು ಕೇಳಿದರೆ ಪಟಪಟ ಹೇಳುತ್ತಿದ್ದ. ಮೂರು ವರ್ಷದಲ್ಲಿ ಕಾಲೇಜಿನವರು ಅವನನ್ನು ಕಾಡಿಗೆ ಕರೆದೊಯ್ದದ್ದು ಎರಡೇ ಸಲ, ಅದೂ ಬಸ್ಸಿನ ಕಿಟಕಿಯಿಂದ ನೋಡಿದ್ದೇ ಜಾಸ್ತಿ. ತಪ್ಪು ಅವನದಲ್ಲ, ಅಲ್ವಾ?

ಅದಕ್ಕೇ ಯಾವ ಕಾಲೇಜಿಗೆ ಹೋದರೂ ಕಟ್ಟಡ ಆಮೇಲೆ ನೋಡಿ, ಮೊದಲು ನರ್ಸರಿಗೆ ನಡೆಯಿರಿ. ಅಲ್ಲಿ ಪಾಕೀಟಿಗೆ ಮಣ್ಣು ತುಂಬುವವರು ವಿದ್ಯಾರ್ಥಿಗಳೋ ಬರೀ ಕೂಲಿಯವರೋ ನೋಡಿ. ಆಮೇಲೆ ಕೊನೆಯ ವರ್ಷದ ಒಬ್ಬರನ್ನು ಹಿಡಿದು ಅವರ ಫೀಲ್ಡ್ ನೋಟ್‌ಬುಕ್ ತೋರಿಸಲು ಹೇಳಿ. ಮಣ್ಣಿನ ಕಲೆ, ಮಳೆಗೆ ಹರಡಿದ ಶಾಯಿ, ಕಾಟು ಹಾಕಿ ತಿದ್ದಿದ ಹೆಸರು ಇದ್ದರೆ ಸಂತೋಷ. ಕೊನೆಯ ರಾತ್ರಿ ನಕಲು ಮಾಡಿದ ಮುದ್ದಾದ ಅಕ್ಷರ ಇದ್ದರೆ ಯೋಚನೆ ಮಾಡಿ.

ಇನ್ನೊಂದು ಮಾತು. ನಮ್ಮದು ಬಯಲು ಸೀಮೆ. ಇಲ್ಲಿನ ಸಂಪತ್ತು ಬರೀ ಮರದಲ್ಲಿಲ್ಲ. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನೇ ನೋಡಿ. ಹುಲ್ಲು ಬೆಳೆಯುವ ನೆಲವನ್ನು ಖಾಲಿ ಜಾಗ ಅಂದುಕೊಂಡು ನೀಲಗಿರಿ ನೆಟ್ಟರು. ಚಿಗರಿ, ಅಂದರೆ ಕೃಷ್ಣಮೃಗ, ಉಳಿದವು. ಹಿಂದೆ ಅಲ್ಲಿ ಕಾಣುತ್ತಿದ್ದ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಈಗ ಕಾಣುವುದಿಲ್ಲ. 2019ರಲ್ಲಿ ಅಭಯಾರಣ್ಯವಾದ ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲೂ ಅಷ್ಟೇ, ತೋಳ, ಕತ್ತೆಕಿರುಬ ಬದುಕಿರುವುದು ಹುಲ್ಲು ಮತ್ತು ಕುರುಚಲಿನ ನಡುವೆ. ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂದು 2024ರಲ್ಲಿ ಘೋಷಣೆಯಾದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಮೇಯುವುದು ಸುತ್ತಲಿನ ರೈತರ ಹೊಲದಲ್ಲಿ. ಹುಲ್ಲುಗಾವಲು, ಕೆರೆ, ಕುರಿ ಮೇಯಿಸುವವರ ಬದುಕು ಇವನ್ನು ಯಾವ ಸೆಮಿಸ್ಟರಿನಲ್ಲಿ ಕಲಿಸುತ್ತೀರಿ ಎಂದು ಕೇಳಿ. ಉತ್ತರ ಇಲ್ಲದ ಕಡೆ ನಮ್ಮ ಮಕ್ಕಳು ಬೇರೆ ಊರಿನ ಕಾಡು ಕಲಿತು ಬರುತ್ತಾರೆ.

ಮಾನ್ಯತೆಯ ವಿಷಯಕ್ಕೆ ಬಂದರೆ, ನನ್ನ ಅಕ್ಕನ ಮಗನದೇ ಕತೆ. ಹೊರರಾಜ್ಯದ ಒಂದು ಖಾಸಗಿ ಕಾಲೇಜಿನಲ್ಲಿ ದುಡ್ಡು ಕಟ್ಟಿ ಫಾರೆಸ್ಟ್ರಿ ಓದಿದ. ಎಂ.ಎಸ್‌ಸಿ.ಗೆ ಅರ್ಜಿ ಹಾಕುವಾಗಲೇ ಗೊತ್ತಾಗಿದ್ದು, ಆ ಕಾಲೇಜಿಗೆ ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತು) ಮಾನ್ಯತೆ ಇಲ್ಲ ಅಂತ. ಆ ವರ್ಷ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಕೃಷಿ, ಅರಣ್ಯ ಓದಿಗೆ ಈ ಒಂದು ಕಾಗದವನ್ನು ಫೀ ಕಟ್ಟುವ ಮುಂಚೆ ಕಣ್ಣಾರೆ ನೋಡಿ. ‘ಬರ್ತದ ಬರ್ತದ’ ಅನ್ನುವ ಮಾತು ನಂಬಬೇಡಿ.

ಮುಂಡರಗಿಯ ಅಪ್ಪ ಮಗಳು ಮಾರನೇ ದಿನವೇ ಹುಬ್ಬಳ್ಳಿಯಿಂದ ಶಿರಸಿ ಬಸ್ ಹತ್ತಿದರು. ಸಂಜೆ ಫೋನ್ ಬಂತು. ‘ನರ್ಸರಿಯೊಳಗ ಹುಡುಗೂರ ಕೈಯಾಗ ಮಣ್ಣ ಇತ್ರೀ ಮೇಡಂ. ಒಬ್ಬಾಕಿ ತನ್ನ ನೋಟ್‌ಬುಕ್ ಇಕಿ ಕೈಯಾಗ ಕೊಟ್ಟಾಳ. ಇಕಿ ಇನ್ನೂ ಅದನ್ನ ಓದಕೋತ ಕುಂತಾಳ್ರಿ, ಬಸ್ ತಪ್ಪತೈತಿ ಅಂದ್ರೂ ಏಳವಲ್ಲಳು.’